ಅಮ್ಮನ ತಟ್ಟೆಗೆ ಸಿಗದ ಹೂ

ನಮ್ಮಮ್ಮನಿಗೆ ಬೆಳಗ್ಗೆ ಎದ್ದು ಸ್ನಾನ ಮುಗಿಸಿದ ಕೂಡಲೇ ಹೂ ಬಿಡಿಸಬೇಕು. ಅರಸೀಕೆರೆಯಲ್ಲಿದ್ದರೂ ಅಷ್ಟೇ, ನ್ಯೂಜೆರ್ಸಿಯ ನಮ್ಮ ಮನೆಗೆ ಬಂದರೂ ಅಷ್ಟೇ. 2024ರ ನವರಾತ್ರಿಯ ಮೂರನೇ ದಿನ, ಅಕ್ಟೋಬರ್ 5, ಶನಿವಾರ. ಸೀರೆ ಮೇಲೆ ನನ್ನ ಗಂಡನ ದಪ್ಪ ಜಾಕೆಟ್ ಹಾಕಿಕೊಂಡು, ಸ್ಟೀಲ್ ತಟ್ಟೆ ಹಿಡಿದು ಹಿತ್ತಲಿಗೆ ಹೋದವಳು ಎರಡೇ ನಿಮಿಷಕ್ಕೆ ವಾಪಸ್ ಬಂದಳು. ತಟ್ಟೆ ಖಾಲಿ.

"ನಿನ್ನೆ ಮಧ್ಯಾಹ್ನ ಗಿಡದ ತುಂಬಾ ಇತ್ತಲ್ಲೇ, ಎಲ್ಲಾ ಬಾಡಿ ಹೋಗಿದೆ."

ಬಾಡಿರಲಿಲ್ಲ, ಮಲಗಿದ್ದವು. ಈ ಆಸ್ಟರ್ ಹೂ ರಾತ್ರಿ ಎಸಳು ಮಡಚಿಕೊಂಡುಬಿಡುತ್ತೆ, ಬಿಸಿಲು ಬೀಳೋವರೆಗೂ ಬಿಡಿಸಿಕೊಳ್ಳೋದಿಲ್ಲ.

ಆಸ್ಟರ್ ಅಂದರೆ ಊರಿನ ಮಾರ್ಕೆಟ್ಟಿನಲ್ಲಿ ಹಾರಕ್ಕೆ ತರ್ತೀವಲ್ಲ, ಆ ಆಸ್ಟರ್ ಅಲ್ಲ. ಅದು ಚೈನಾ ಆಸ್ಟರ್, ಬೀಜ ಹಾಕಿ ಒಂದು ಸಲ ಹೂ ಬಿಟ್ಟರೆ ಅದರ ಕಥೆ ಮುಗೀತು. ನಮ್ಮ ಹಿತ್ತಲಿನದು ನ್ಯೂ ಇಂಗ್ಲೆಂಡ್ ಆಸ್ಟರ್. ಅಮೆರಿಕದ ಈ ಭಾಗದ್ದೇ ಕಾಡುಗಿಡ, ಚಳಿಗಾಲದಲ್ಲಿ ನೆಲಮಟ್ಟಕ್ಕೆ ಒಣಗಿ, ಮಂಜು ಕರಗಿದ ಮೇಲೆ ಬೇರಿನಿಂದ ಮತ್ತೆ ಚಿಗುರುತ್ತೆ. ನೇರಳೆ ಎಸಳು, ನಡುವೆ ಹಳದಿ ಬೊಟ್ಟು. ಎರಡೂ ಸೇವಂತಿಗೆಯ ನೆಂಟರೇ.

2022ರಲ್ಲಿ ನೆಟ್ಟಿದ್ದು ಚಿಟ್ಟೆಗಳಿಗೋಸ್ಕರ. ಜುಲೈನಲ್ಲಿ ಚಿಟ್ಟೆಗೆ ಹೂವಿನ ಬರ ಇರೋದಿಲ್ಲ. ಸೆಪ್ಟೆಂಬರ್ ಅರ್ಧ ಕಳೆದ ಮೇಲೆ ನೋಡಬೇಕು, ತೋಟ ಬೋಳು. ಅದೇ ಸಮಯಕ್ಕೆ ಮೊನಾರ್ಕ್ ಚಿಟ್ಟೆಗಳು ಕೆನಡಾ ಕಡೆಯಿಂದ, ಇಲ್ಲಿಂದೆಲ್ಲ ಮೆಕ್ಸಿಕೋಗೆ ಹೊರಟಿರುತ್ತವೆ. ದೂರದಿಂದ ಹೊರಟವುಗಳಿಗೆ 4,000 ಕಿಲೋಮೀಟರಿಗೂ ಜಾಸ್ತಿ ದಾರಿ! ದಾರಿಯುದ್ದಕ್ಕೂ ಮಕರಂದ ಕುಡಿದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು, ಅಲ್ಲಿನ ಬೆಟ್ಟದ ಮರಗಳಲ್ಲಿ ಚಳಿಗಾಲ ಕಳೆಯೋದು ಬಹುಪಾಲು ಅದರ ಮೇಲೇ. ಹೋಗುವ ಚಿಟ್ಟೆಗಳು ಮೆಕ್ಸಿಕೋ ನೋಡೇ ಇರೋದಿಲ್ಲ, ಅಲ್ಲಿಂದ ಬಂದಿದ್ದು ಅವುಗಳ ಅಜ್ಜಿ ಮುತ್ತಜ್ಜಿಯರು. ಅವುಗಳಿಗೆ ಆಗ ಸಿಗೋ ಊಟ ಅಂದರೆ ಮುಖ್ಯವಾಗಿ ಗೋಲ್ಡನ್‌ರಾಡ್ ಅನ್ನೋ ಹಳದಿ ಹೂವಿನ ಕಾಡುಗಿಡ ಮತ್ತು ಆಸ್ಟರ್.

ನನ್ನ ಗಿಡ ಮಾತ್ರ ಮೊದಲ ವರ್ಷ ಏಳೆಂಟು ಹೂ ಬಿಟ್ಟು ಸುಮ್ಮನಾಯಿತು. ಎರಡನೇ ವರ್ಷ ನನಗಿಂತ ಎತ್ತರ ಬೆಳೆದು, ಕೆಳಗಿನ ಎಲೆಯೆಲ್ಲ ಒಣಗಿ ಪೊರಕೆಯ ಹಾಗಾಗಿ, ಒಂದು ಮಳೆಗೆ ಮಕಾಡೆ ಬಿತ್ತು. ಮೂರನೇ ವರ್ಷ ಜೂನ್‌ನಲ್ಲಿ ಮೊಲಗಳು ಬಂದು ಅಷ್ಟೂ ಕುಡಿ ಮೇಯ್ದು ಹೋದವು. ನಾನು ಫೋನಿನಲ್ಲಿ ಅಮ್ಮನ ಹತ್ತಿರ ಅತ್ತುಕೊಂಡರೆ ಅವಳು ನಕ್ಕುಬಿಟ್ಟಳು. "ಸೇವಂತಿಗೆಗೆ ನಾವು ಕುಡಿ ಚಿವುಟಲ್ವಾ? ಮೊಲ ನಿನ್ನ ಕೆಲಸ ಮಾಡಿದೆ ಬಿಡು."

ಹಾಗೇ ಆಯಿತು. ಒಂದೊಂದು ಕಡ್ಡಿಗೂ ನಾಲ್ಕೈದು ಕವಲು ಒಡೆದು, ಗಿಡ ಸೊಂಟದೆತ್ತರಕ್ಕೆ ಪೊದೆಯಾಗಿ ನಿಂತಿತು. ಜುಲೈ ಮೊದಲ ವಾರ ದಾಟಿದ ಮೇಲೆ ಮಾತ್ರ ಚಿವುಟಬಾರದು, ಮೊಗ್ಗೇ ಹೋಗುತ್ತೆ. ಅಷ್ಟು ಹೊತ್ತಿಗೆ ನಾನು ತಂತಿ ಬಲೆ ಕಟ್ಟಿದ್ದೆ.

ಆವತ್ತು ಹತ್ತು ಗಂಟೆಗೆ ಬಿಸಿಲು ಬಂತು, ಹೂ ಒಂದೊಂದಾಗಿ ಬಿಚ್ಚಿಕೊಂಡವು. ಅಮ್ಮ ಮತ್ತೆ ತಟ್ಟೆ ಹಿಡಿದು ಹೊರಟಳು, ಬಾಗಿಲು ದಾಟಿದವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಮೊದಲು ದುಂಬಿಗಳು. ಆಮೇಲೆ ಒಂದು ಮೊನಾರ್ಕ್, ಇನ್ನೊಂದು, ಮತ್ತೆರಡು. ಹನ್ನೊಂದೂವರೆಗೆ ನಾನು ಎಣಿಸಿದ್ದು ಒಂಬತ್ತು.

ಹತ್ತಿರ ಹೋದರೂ ಅವು ಏಳಲಿಲ್ಲ, ಅಷ್ಟು ಹಸಿವು. ಹಳದಿ ಬೊಟ್ಟಿನ ಮೇಲೆ ಕಾಲೂರಿ, ಗಡಿಯಾರದ ಮುಳ್ಳಿನ ಹಾಗೆ ಸುತ್ತ ತಿರುಗುತ್ತಾ, ಒಂದೊಂದು ಚುಕ್ಕೆಗೂ ಸೊಂಡಿಲು ಇಳಿಸುತ್ತಿದ್ದವು. ಆ ಒಂದೊಂದು ಚುಕ್ಕೆಯೂ ಒಂದು ಪೂರ್ತಿ ಹೂ ಕಣ್ರೀ, ನಾವು ಒಂದು ಹೂ ಅನ್ನೋದು ನಿಜಕ್ಕೂ ಹತ್ತಾರು ಹೂಗಳ ಗೊಂಚಲು. ಹಳತಾದಂತೆ ಆ ಹಳದಿ ಕೆಂಪಗಾಗುತ್ತೆ. ಕೆಂಪಾದವುಗಳ ಮೇಲೆ ಚಿಟ್ಟೆ ಕೂತರೂ ಬೇಗನೆ ಎದ್ದು ಹೋಗುತ್ತಿತ್ತು.

"ಇದು ನಮ್ಮ ಎಕ್ಕದ ಗಿಡಕ್ಕೆ ಬರೋ ಚಿಟ್ಟೆಯಲ್ವೇನೇ?" ಅಂದಳು ಅಮ್ಮ ಪಿಸುಮಾತಿನಲ್ಲಿ. ಅದಲ್ಲ, ಆದರೆ ಕೇಳಿದ್ದು ತಪ್ಪೇನೂ ಇಲ್ಲ. ಊರಿನ ಪ್ಲೇನ್ ಟೈಗರ್ ಚಿಟ್ಟೆ ಎಕ್ಕದ ಗಿಡದಲ್ಲಿ ಮೊಟ್ಟೆ ಇಡುತ್ತೆ, ಮೊನಾರ್ಕ್ ಇಲ್ಲಿನ ಮಿಲ್ಕ್‌ವೀಡ್‌ನಲ್ಲಿ. ಎರಡೂ ಹಾಲು ಸುರಿಸೋ ಗಿಡ, ಒಂದೇ ಕುಟುಂಬದವು. ಚಿಟ್ಟೆಗಳೂ ಹತ್ತಿರದ ಸಂಬಂಧಿಗಳೇ.

ಮೆಟ್ಟಿಲ ಪಕ್ಕ ದಸರಾಗೆ ಅಂತ ತಂದಿದ್ದ ಸೇವಂತಿಗೆ ಕುಂಡ ಇತ್ತು. ಈ ತಿಂಗಳಲ್ಲಿ ಇಲ್ಲಿ ಎಲ್ಲ ಅಂಗಡಿಯ ಬಾಗಿಲಲ್ಲೂ ಇಟ್ಟು ಮಾರೋದೇ, ದುಂಡಗೆ, ಎಸಳು ತುಂಬಿಕೊಂಡು. ಅರ್ಧ ಗಂಟೆಯಲ್ಲಿ ಒಂದು ಚಿಟ್ಟೆಯೂ ಅದರ ಕಡೆ ತಿರುಗಲಿಲ್ಲ. ಎಸಳೇ ತುಂಬಿದ ಮೇಲೆ ಮಕರಂದಕ್ಕೆ ಜಾಗ ಎಲ್ಲಿ? ಅಮ್ಮ ಅದನ್ನು ನೋಡಿದಳು, ಆಸ್ಟರ್ ನೋಡಿದಳು, ಏನೂ ಹೇಳದೆ ಕುಂಡದ ಮುಂದೆ ಕೂತು ಸೇವಂತಿಗೆ ಬಿಡಿಸತೊಡಗಿದಳು.

ಆಸೆ ಪೂರ್ತಿ ಬಿಟ್ಟಿರಲಿಲ್ಲ ಅನ್ನಿ. ಸಂಜೆ ನಾಲ್ಕಕ್ಕೆ ಗಿಡದ ಹಿಂದೆ ಗೋಡೆ ಕಡೆ ಮುರಿದು ಜೋತುಬಿದ್ದ ಒಂದು ಕವಲು ಹುಡುಕಿ ತಂದು, ಲೋಟದ ನೀರಿಗೆ ಹಾಕಿ ಪಟ್ಟದ ಗೊಂಬೆಗಳ ಮುಂದೆ ಇಟ್ಟಳು. ಏಳು ಗಂಟೆಗೆ ದೀಪ ಹಚ್ಚೋ ಹೊತ್ತಿಗೆ ಅಷ್ಟೂ ಹೂ ಮಡಚಿಕೊಂಡಿತ್ತು.

"ಇದಕ್ಕೆ ಆರತಿಗಿಂತ ನಿದ್ದೆ ಮುಖ್ಯ ನೋಡು" ಅಂತ ಅಮ್ಮ ಲೋಟವನ್ನು ಎತ್ತಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟಳು.