ಮೇಕಿಂಗ್ ಡಾಕ್ಯುಮೆಂಟರಿಯಲ್ಲಿ ಮೊದಲು ಕೇಳಬೇಕಾದ್ದು: ‘ಆಗ ನಿಮ್ಮ ಕೈಯಲ್ಲಿ ಏನಿತ್ತು?’

ಹಳೆಯ ಸಿನಿಮಾವೊಂದರ ತೆರೆಮರೆಯ ಡಾಕ್ಯುಮೆಂಟರಿ ಎಡಿಟ್ ಮಾಡಲು ಕುಳಿತವರಿಗೆಲ್ಲ ಒಂದು ಕಷ್ಟ ಗೊತ್ತು. ಗಂಟೆಗಟ್ಟಲೆ ಸಂದರ್ಶನ ಇರುತ್ತದೆ, ಕತ್ತರಿಸಿ ಜೋಡಿಸಲು ಮಾತ್ರ ಏನೂ ಸಿಗುವುದಿಲ್ಲ. ‘ಅದ್ಭುತ ಅನುಭವ’, ‘ಎಲ್ಲರೂ ಒಂದೇ ಮನೆಯವರ ಹಾಗಿದ್ದೆವು’ ಎಂಬ ಮಾತುಗಳು ಯಾವ ಸಿನಿಮಾಕ್ಕಾದರೂ ಹೊಂದುತ್ತವೆ. ತಪ್ಪು ಮಾತಾಡಿದವರದ್ದಲ್ಲ, ಕೇಳಿದ ಪ್ರಶ್ನೆಯದು. ‘ಹೇಗನ್ನಿಸಿತು’ ಎಂದು ಕೇಳಿದರೆ, ಮೂವತ್ತು ವರ್ಷ ಎಲ್ಲ ಕಡೆ ಹೇಳಿ ಹೇಳಿ ನುಣುಪಾದ ಉತ್ತರವೇ ಬರುತ್ತದೆ. ‘ಆ ಶಾಟ್‌ನಲ್ಲಿ ನೀವು ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಮೊದಲು ಯಾವುದನ್ನು ಒತ್ತಿದಿರಿ’ ಎಂದು ಕೇಳಿದರೆ ಹೊಸ ಮಾತು ಹೊರಡುತ್ತದೆ, ಜೊತೆಗೆ ಕೈಯೂ ಆಡುತ್ತದೆ. ಆ ಕೈಯೇ ನಮಗೆ ಬೇಕಾದ ಕಟ್‌ಅವೇ, ಅಂದರೆ ಮಾತಿನ ನಡುವೆ ಮುಖ ಬಿಟ್ಟು ತೋರಿಸುವ ಶಾಟ್.

ಇದಕ್ಕೆ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಎಂಬ, ಮನುಷ್ಯ ತೋಳವಾಗುವ ಹಾರರ್ ಚಿತ್ರಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ನಿರ್ದೇಶಕ ಜಾನ್ ಲ್ಯಾಂಡಿಸ್ ಇದರ ಚಿತ್ರಕಥೆ ಬರೆದದ್ದು 1969ರಲ್ಲಿ, ಚಿತ್ರ ತೆರೆಗೆ ಬಂದದ್ದು 1981ರಲ್ಲಿ. ಮೇಕಪ್ ಮಾಡಿದ ರಿಕ್ ಬೇಕರ್‌ಗೆ ಇದರಿಂದಲೇ ಆಸ್ಕರ್ ಬಂತು. ಮೇಕಪ್‌ಗೆ ಅಲ್ಲಿಯವರೆಗೆ ಎರಡು ಬಾರಿ ಗೌರವ ಪ್ರಶಸ್ತಿ ಕೊಟ್ಟದ್ದುಂಟು, ಸ್ಪರ್ಧೆಯ ವಿಭಾಗವಾಗಿ ಸಿಕ್ಕ ಮೊದಲನೆಯದು ಬೇಕರ್‌ದು. ಈ ಚಿತ್ರದ ಬಗ್ಗೆ ಪಾಲ್ ಡೇವಿಸ್ ಮಾಡಿದ ‘ಬಿವೇರ್ ದ ಮೂನ್’ ಎಂಬ ಪೂರ್ಣಾವಧಿ ಡಾಕ್ಯುಮೆಂಟರಿ ಬಂದದ್ದು 2009ರಲ್ಲಿ. ಅಂದರೆ ನಡುವೆ 28 ವರ್ಷ. ಅಷ್ಟು ಕಾಲದ ಮೇಲೆ ಲ್ಯಾಂಡಿಸ್, ಬೇಕರ್, ನಟರಾದ ಡೇವಿಡ್ ನಾಟನ್, ಗ್ರಿಫಿನ್ ಡನ್, ಜೆನ್ನಿ ಅಗಟರ್ ಕ್ಯಾಮೆರಾ ಮುಂದೆ ಕೂತು ಮಾತಾಡುವಾಗ, ಯಾವುದು ನೆನಪು, ಯಾವುದು ಕಟ್ಟಿಕೊಂಡ ಕಥೆ ಎಂದು ಬಿಡಿಸುವ ಕೆಲಸ ಡಾಕ್ಯುಮೆಂಟರಿ ಮಾಡುವವರ ಪಾಲಿಗೆ ಬರುತ್ತದೆ.

ನಾಟನ್ ತೋಳವಾಗುವ ದೃಶ್ಯ ಮೂರು ನಿಮಿಷವೂ ಇಲ್ಲ. ಆದರೆ ಡಾಕ್ಯುಮೆಂಟರಿಯಲ್ಲಿ ಅತಿ ಹೆಚ್ಚು ಜಾಗ ಬೇಡುವುದು ಅದೇ. 1941ರ ‘ದ ವುಲ್ಫ್ ಮ್ಯಾನ್’ನಲ್ಲಿ ನಟ ಅಲುಗದೆ ಕೂರಬೇಕಿತ್ತು. ಸ್ವಲ್ಪ ಸ್ವಲ್ಪವೇ ಕೂದಲು ಅಂಟಿಸಿ, ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಡಿಸಾಲ್ವ್ ಕೊಡುತ್ತಿದ್ದರು. ಲ್ಯಾಂಡಿಸ್‌ಗೆ ಬೇಕಿದ್ದದ್ದು ಬೆಳಕಿರುವ ಕೋಣೆಯಲ್ಲಿ, ನೋವಿನಿಂದ ಒದ್ದಾಡುವ ಮೈ. ಅದಕ್ಕೆ ಬೇಕರ್ ದೃಶ್ಯವನ್ನು ಬಿಡಿ ಶಾಟ್‌ಗಳಾಗಿ ಒಡೆದು, ಒಂದೊಂದು ಶಾಟ್‌ಗೆ ಒಂದೊಂದೇ ಕೆಲಸ ವಹಿಸಿದರು. ಅಂಗೈ ಉದ್ದವಾಗುವುದಕ್ಕೆ ಒಂದು ಯಾಂತ್ರಿಕ ಕೈ. ಮೂತಿ ಮುಂದೆ ಚಾಚುವುದಕ್ಕೆ, ಹಿಗ್ಗುವ ಚರ್ಮದ ಒಳಗಿನಿಂದ ತಳ್ಳುವ ಯಾಂತ್ರಿಕ ತಲೆ. ಇದಕ್ಕೆ ಅವರು ಇಟ್ಟ ಹೆಸರು ‘ಚೇಂಜ್-ಒ-ಹೆಡ್’. ಮೈ ಅರ್ಧ ತೋಳವಾದ ಶಾಟ್‌ಗೆ ಸೆಟ್ಟಿನ ನೆಲದಲ್ಲಿ ತೂತು: ನಾಟನ್‌ರ ತಲೆ, ತೋಳುಗಳು ಮೇಲೆ, ಉಳಿದ ಮೈ ನೆಲದ ಕೆಳಗೆ, ಕಾಣುವ ತೋಳದ ದೇಹ ನಕಲಿ.

ಇದನ್ನು ಸಂದರ್ಶನದಲ್ಲಿ ಹೊರತೆಗೆಯುವ ಕ್ರಮ ಹೀಗೆ. ಮೊದಲೇ ಆ ದೃಶ್ಯದ ಶಾಟ್ ಪಟ್ಟಿ ಮಾಡಿ ನಂಬರ್ ಕೊಡಬೇಕು, ಪ್ರತಿ ಶಾಟ್‌ನ ಒಂದು ಫ್ರೇಮ್ ಪ್ರಿಂಟ್ ತೆಗೆದು ಮಾತಾಡುವವರ ಕೈಗೆ ಕೊಡಬೇಕು. ಪ್ರತಿ ಶಾಟ್‌ಗೂ ಅದೇ ಮೂರು ಪ್ರಶ್ನೆ: ಇದರಲ್ಲಿ ನಿಜವಾದ ಮೈ ಎಷ್ಟು, ಚೌಕಟ್ಟಿನ ಹೊರಗೆ ಎಷ್ಟು ಜನ ಇದ್ದರು, ಶಾಟ್ ಯಾಕೆ ಅಲ್ಲಿಗೇ ಮುಗಿಯಿತು? ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಚಿನ್ನ. ಯಂತ್ರ ಅಷ್ಟೇ ಚಾಚುತ್ತಿತ್ತು, ಅದರಾಚೆ ಚರ್ಮ ಹರಿಯುತ್ತಿತ್ತು ಎಂಬಂಥ ಮಿತಿಗಳು ಅಲ್ಲೇ ಹೊರಬೀಳುತ್ತವೆ. ಇಂಥ ದೃಶ್ಯದಲ್ಲಿ ಎಡಿಟಿಂಗ್ ನಿರ್ಧಾರವಾಗುವುದು ಆ ಮಿತಿಗಳಿಂದಲೇ.

ಕೂದಲು ಬೆಳೆಯುವ ಶಾಟ್ ಬೇರೆಯೇ ಜಾತಿಯದು. ನಕಲಿ ಚರ್ಮದಲ್ಲಿ ಕೂದಲು ನೆಟ್ಟು, ಹಿಂಬದಿಯಿಂದ ಒಳಕ್ಕೆ ಎಳೆದು, ಅದನ್ನು ಹಿಂದುಮುಂದಾಗಿ ತೋರಿಸಿದ್ದಾರೆ. ಇದನ್ನು ಬಾಯಲ್ಲಿ ವಿವರಿಸಿದರೆ ಅರ್ಧ ನಿಮಿಷ ಬೇಕು, ಆಗಲೂ ಕೆಲವರಿಗೆ ಹೊಳೆಯುವುದಿಲ್ಲ. ಚಿತ್ರದ ಅದೇ ಶಾಟನ್ನು ಟೈಮ್‌ಲೈನ್‌ನಲ್ಲಿ ರಿವರ್ಸ್ ಮಾಡಿದರೆ ಸಾಕು: ಸೆಟ್‌ನಲ್ಲಿ ನಡೆದದ್ದು ನಡೆದ ಕ್ರಮದಲ್ಲೇ ಕಾಣುತ್ತದೆ, ಕೂದಲು ಒಳಗೆ ಹೋಗುತ್ತದೆ. ಮೊದಲು ಚಿತ್ರದಲ್ಲಿರುವಂತೆ ಒಮ್ಮೆ, ಆಮೇಲೆ ರಿವರ್ಸ್ ಒಮ್ಮೆ, ಎರಡಕ್ಕೂ ಮಾತು ಬೇಡ. ಮೂಲ ರಶಸ್ (ಎಡಿಟ್ ಆಗದ ಚಿತ್ರೀಕರಣ) ಸಿಗದ ಹಳೆಯ ಚಿತ್ರಗಳಿಗೆ ಇದು ದೊಡ್ಡ ಅನುಕೂಲ.

ಉಳಿದಿರುವ ವಸ್ತುಗಳನ್ನು ಶೂಟ್ ಮಾಡುವಾಗ ಬಹಳ ಎಚ್ಚರ ಬೇಕು. ನಕಲಿ ಚರ್ಮಕ್ಕೆ ಬಳಸುವ ಫೋಮ್ ಲೇಟೆಕ್ಸ್ ಎಂಬ ರಬ್ಬರ್ ವರ್ಷಗಳಲ್ಲಿ ಗಾಳಿ, ಬೆಳಕು, ಬಿಸಿಗೆ ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ. ಕೆಲವು ಬಗೆಯ ಯುರಿಥೇನ್ ತೇವಕ್ಕೆ ಅಂಟಂಟಾಗುತ್ತದೆ. ಪ್ಲಾಸ್ಟರ್ ಅಚ್ಚು ಮಾತ್ರ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಬಿಸಿ ಸೂಸುವ ಟಂಗ್‌ಸ್ಟನ್ ದೀಪ ಬೇಡ, ಎಲ್‌ಇಡಿ ಸಾಕು. ನೈಟ್ರೈಲ್ ಕೈಗವಸು ಕಡ್ಡಾಯ. ಮುಟ್ಟುವ ಮುಂಚೆ ಇದ್ದ ಜಾಗದಲ್ಲೇ ವೈಡ್ ಶಾಟ್, ಆಮೇಲೆ ಮ್ಯಾಕ್ರೊ ಲೆನ್ಸಿನಲ್ಲಿ ಅಂಚು, ಹೊಲಿಗೆ, ಕೇಬಲ್ ಹೊರಬರುವ ತೂತು. ‘ದವಡೆ ಒಮ್ಮೆ ಆಡಿಸಿ ತೋರಿಸಿ’ ಎಂದು ಯಾರೂ ಕೇಳಬಾರದು. ಒಡೆದರೆ ಅದಕ್ಕೆ ಎರಡನೆಯದು ಇರುವುದಿಲ್ಲ. ಚಲನೆ ತೋರಿಸಲೇಬೇಕಿದ್ದರೆ ಹೊಸ ತುಂಡೊಂದನ್ನು ಮಾಡಿ ಅದರಲ್ಲಿ ತೋರಿಸುವುದೇ ಸರಿ, ಅದು ಹೊಸದೆಂದು ತೆರೆಯ ಮೇಲೆ ಬರೆದು.

ಹಳೆಯ ವಿಡಿಯೊ ಕೈಸೇರಿದಾಗ ಮೊದಲು ಫ್ರೇಮ್ ರೇಟ್ ನೋಡಿ. ಸೆಕೆಂಡಿಗೆ ಫಿಲ್ಮ್ 24 ಫ್ರೇಮ್, ಬ್ರಿಟನ್ನಿನ ಟಿವಿ ಪದ್ಧತಿಯಾದ ಪಾಲ್‌ನ (PAL) ಟೇಪ್ 25. ಫಿಲ್ಮಿನಿಂದ ಪಾಲ್‌ಗೆ ಇಳಿಸಿದ್ದು ಶೇ. 4ರಷ್ಟು ವೇಗವಾಗಿ ಓಡುತ್ತದೆ, ದನಿಯೂ ಮುಕ್ಕಾಲು ಸೆಮಿಟೋನ್‌ನಷ್ಟು ಏರಿರುತ್ತದೆ. ಅದನ್ನು 24ಕ್ಕೆ ಇಳಿಸಿದರೆ ಎರಡೂ ಸರಿಹೋಗುತ್ತವೆ. ವಿಡಿಯೊ ಕ್ಯಾಮೆರಾದಲ್ಲೇ ತೆಗೆದದ್ದಾದರೆ ಹೀಗೆ ಇಳಿಸಬಾರದು, ಡಿಇಂಟರ್‌ಲೇಸ್ ಮಾಡಬೇಕು, ಅಂದರೆ ಸಾಲು ಬಿಟ್ಟು ಸಾಲಾಗಿ ಎರಡು ಅರ್ಧಗಳಲ್ಲಿ (ಫೀಲ್ಡ್) ದಾಖಲಾದ ಚಿತ್ರವನ್ನು ಪೂರ್ಣ ಫ್ರೇಮ್‌ಗಳಾಗಿಸಬೇಕು. ಫೀಲ್ಡ್ ಆರ್ಡರ್ ತಪ್ಪಿದರೆ ಕೈ ಬೀಸಿದಾಗೆಲ್ಲ ಚಿತ್ರ ಹಿಂದೆಮುಂದೆ ತೊನೆಯುತ್ತದೆ. 4:3 ಚಿತ್ರವನ್ನು 16:9 ತುಂಬಲು ಹಿಗ್ಗಿಸಿದರೆ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ. ತೆರೆಮರೆಯ ಚಿತ್ರಗಳಲ್ಲಿ ಪಂಪ್ ಹಿಡಿದ ಕೈ, ನೆಲಕ್ಕೆ ಬಿದ್ದ ಕೇಬಲ್ ಇರುವುದು ಸಾಮಾನ್ಯವಾಗಿ ಆ ಕಾಲುಭಾಗದಲ್ಲೇ. ಪಕ್ಕದ ಕಪ್ಪುಪಟ್ಟಿ ಇರಲಿ ಬಿಡಿ.

35 ಎಂಎಂ ಸ್ಟಿಲ್ ನೆಗೆಟಿವ್ ಸ್ಕ್ಯಾನ್‌ಗೂ ಲೆಕ್ಕ ಇದೆ. 4ಕೆ ಟೈಮ್‌ಲೈನ್‌ನ ಅಗಲ 3840 ಪಿಕ್ಸೆಲ್. ಒಂದೂವರೆ ಪಟ್ಟು ಝೂಮ್ ಬೇಕಿದ್ದರೆ 5760. ನೆಗೆಟಿವ್ ಅಗಲ 36 ಎಂಎಂ ಆದ್ದರಿಂದ 4000 ಡಿಪಿಐಗೆ (ಇಂಚಿಗೆ ಅಷ್ಟು ಚುಕ್ಕೆ) ಹತ್ತಿರ ಬೀಳುತ್ತದೆ.

ಧ್ವನಿಗೆ ಅಂಗಿಗೆ ಸಿಕ್ಕಿಸುವ ಲೇಪಲ್ ಮೈಕ್, ಮೇಲೆ ಕೋಲಿಗೆ ಕಟ್ಟಿದ ಬೂಮ್ ಮೈಕ್, ಎರಡೂ ಬೇರೆ ಟ್ರ್ಯಾಕ್. ಪ್ರತಿ ಜಾಗದಲ್ಲೂ ಒಂದು ನಿಮಿಷ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಕೋಣೆಯ ಸದ್ದು.

ಒಂದೇ ಘಟನೆಗೆ ಇಬ್ಬರ ಹೇಳಿಕೆ ಬೇರೆ ಬೇರೆ ಬಂದಾಗ ಒಬ್ಬರನ್ನು ಸುಳ್ಳಾಗಿಸುವ ಅವಸರ ಬೇಡ. ಬೇಕರ್ ಆಗ ಜೋ ಡಾಂಟೆಯ ಇನ್ನೊಂದು ತೋಳಮಾನವ ಚಿತ್ರ ‘ದ ಹೌಲಿಂಗ್’ ಒಪ್ಪಿಕೊಂಡಿದ್ದರು. ಲ್ಯಾಂಡಿಸ್ ಕರೆದ ಮೇಲೆ ಅದನ್ನು ಶಿಷ್ಯ ರಾಬ್ ಬಾಟೀನ್‌ಗೆ ಬಿಟ್ಟು ಬಂದರು, ಎರಡೂ ಚಿತ್ರ 1981ರಲ್ಲೇ ಬಂದವು. ಇಂಥ ಕಡೆ ಯಾರ ತಂತ್ರ ಮೊದಲು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಕಾಲ್‌ಶೀಟ್ (ಆಯಾ ದಿನದ ಚಿತ್ರೀಕರಣದ ಪಟ್ಟಿ), ದಿನಾಂಕ ಇರುವ ಪೊಲರಾಯ್ಡ್, ಬಿಲ್ಲುಗಳನ್ನು ಹುಡುಕಬೇಕು. ಕಾಗದ ಸಿಗದಿದ್ದರೆ ಇಬ್ಬರ ಮಾತನ್ನೂ ಪಕ್ಕಪಕ್ಕ ಇಡಬೇಕು, ನಿರೂಪಣೆಯಲ್ಲಿ ತೀರ್ಪು ಕೊಡಬಾರದು.

ಕೊನೆಗೆ ಹಕ್ಕುಗಳ ವಿಷಯ, ಇದನ್ನು ರಫ್ ಕಟ್‌ಗೂ (ಮೊದಲ ಕಚ್ಚಾ ಎಡಿಟ್) ಮುಂಚೆ ನೋಡಬೇಕು. ಈ ರೂಪಾಂತರದ ದೃಶ್ಯದ ಹಿಂದೆ ಸ್ಯಾಮ್ ಕುಕ್ ಹಾಡಿದ ‘ಬ್ಲೂ ಮೂನ್’ ಇದೆ. ಚಿತ್ರದ ತುಣುಕಿಗೆ ಅನುಮತಿ ಸಿಕ್ಕಿತೆಂದರೆ ಹಾಡಿಗೂ ಸಿಕ್ಕಿತೆಂದಲ್ಲ. ಹಾಡಿನ ರಚನೆಗೊಂದು, ಆ ಧ್ವನಿಮುದ್ರಣಕ್ಕೊಂದು ಬೇರೆಯೇ ಅನುಮತಿ ಬೇಕಾಗಬಹುದು. ಆದ್ದರಿಂದ ಸ್ಟುಡಿಯೊ ಬಳಿ ಮಾತು, ಸಂಗೀತ, ಎಫೆಕ್ಟ್ಸ್ ಬೇರೆ ಬೇರೆ ಇರುವ ಟ್ರ್ಯಾಕ್‌ಗಳನ್ನೇ ಕೇಳಿ. ಆಗ ಹಾಡು ತೆಗೆದು, ನಾಟನ್‌ರ ಕೂಗು, ಮೂಳೆ ಮುರಿಯುವ ಸದ್ದು ಮಾತ್ರ ಉಳಿಸಿ, ಅದರ ಮೇಲೆ ಬೇಕರ್‌ರ ವಿವರಣೆ ಕೂರಿಸಬಹುದು.