ಡಬ್ಬಿ ಮ್ಯಾಲಿನ ಲ್ಯೂಮೆನ್, ಹೊಲದಾಗಿನ ಬೆಳಕು

ನಮ್ಮ ಮುಧೋಳ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಾರ. ಕಬ್ಬಿಗೆ ನೀರು ಹಾಯಿಸಾಕ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿ ಬಂತಂದ್ರ ಬ್ಯಾಟ್ರಿ ಇಲ್ದ ಹೊಲಕ್ಕ ಕಾಲಿಡಾಕ ಆಗಂಗಿಲ್ಲ, ಬದುವಿನ ಮ್ಯಾಲೆ ಹಾವು ಇರತಾವ. ಹೋದ ವರ್ಷ ಅಪ್ಪಗ ಅಂತ ಆನ್‌ಲೈನ್‌ನಾಗ ಒಂದು ತರಿಸಿದೆ, ಡಬ್ಬಿ ಮ್ಯಾಲೆ 10,000 ಲ್ಯೂಮೆನ್, 12 ತಾಸು, 9900 ಎಂಎಎಚ್ ಅಂತ ದಪ್ಪ ಅಕ್ಷರದಾಗ ಇತ್ತು. ಲ್ಯೂಮೆನ್ ಅಂದ್ರ ಒಟ್ಟು ಬೆಳಕಿನ ಅಳತಿ, ಎಂಎಎಚ್ ಅಂದ್ರ ಸೆಲ್ ಎಷ್ಟು ಕರೆಂಟ್ ಹಿಡಿತೈತಿ ಅನ್ನೋ ಲೆಕ್ಕ. ಮೊದಲ ರಾತ್ರಿನೇ, ಒಂದು ತಾಸೂ ಆಗಿರಲಿಲ್ಲ, ಬೆಳಕು ಚಿಮಣಿ ದೀಪದಂಗ ಆಗಿ ಅಪ್ಪ ಕತ್ತಲಾಗ ಬದು ತಡವಕೋತ ಮನಿಗೆ ಬಂದ್ರು. ನನಗ ಭಾಳ ಸಂಕಟ ಆತು.

ಮರುದಿನ ಬಿಚ್ಚಿ ನೋಡಿದ್ರ ಒಳಗ ಒಂದೇ ಒಂದು 18650 ಅನ್ನೋ ಅಳತಿದು ಚಾರ್ಜ್ ಮಾಡೋ ಲಿಥಿಯಂ ಸೆಲ್. ಪತ್ತಾರ ಅಂಗಡಿಗೆ ಒಯ್ದು ಬಂಗಾರದ ತಕ್ಕಡಿಗೆ ಹಾಕ್ಸಿದೆ, 31 ಗ್ರಾಂ ತೂಗಿತು. ಚಲೋ ಸೆಲ್ 45ರಿಂದ 50 ಗ್ರಾಂ ಇರತೈತಿ! 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಇರೋ ಅಷ್ಟು ಜಾಗದಾಗ 3500ರ ಆಸುಪಾಸು ಎಂಎಎಚ್ ಹಿಡಿಸಿದ್ರ ಅದೇ ದೊಡ್ಡದು, 9900 ಅಂದ್ರ ಸುಳ್ಳ.

ಲೆಕ್ಕ ಹಾಕಿ ನೋಡ್ರಿ. ಚಲೋ ಸೆಲ್ಲೇ ಹಾಕಿದ್ರು ಅಂತ ಇಟ್ಕೊಳ್ಳೋಣು, 3500 ಎಂಎಎಚ್, 3.6 ವೋಲ್ಟ್, ಅಂದ್ರ 12.6 ವ್ಯಾಟ್-ಅವರ್, 12.6 ವ್ಯಾಟ್ ಒಂದು ತಾಸು ಕೊಡೋವಷ್ಟು. ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡ್ತು ಅಂದ್ರ 10,000ಕ್ಕ 100 ವ್ಯಾಟ್ ಬೇಕು, ಆ ಸೆಲ್ ಏಳೆಂಟು ನಿಮಿಷಕ್ಕ ಖಾಲಿ. 12 ತಾಸು ಹಂಗ ಉರೀಬೇಕಂದ್ರ 1200 ವ್ಯಾಟ್-ಅವರ್, ಅಷ್ಟು ಕರೆಂಟ್ ಬೇಕಂದ್ರ 100 ಎಎಚ್‌ದು ಇನ್ವರ್ಟರ್ ಬ್ಯಾಟ್ರಿನ ಹೆಗಲ ಮ್ಯಾಲೆ ಹೊತ್ಕೊಂಡು ಹೋಗಬೇಕ್ರಿ.

ಹೆಸರಾದ ಕಂಪನಿಯವ್ರು ಸುಳ್ಳು ಬರಿಯಂಗಿಲ್ಲ ಖರೆ, ಆದ್ರ ಅವ್ರ ಅಂಕಿನೂ ತಿಳ್ಕೊಂಡು ಓದಬೇಕು. ಅಮೆರಿಕಾದವ್ರು 2009ರಾಗ ಮಾಡಿದ ಎಫ್‌ಎಲ್1 ಅಂತ ಬ್ಯಾಟ್ರಿ ಪರೀಕ್ಷೆ ಮಾಡೋ ಒಂದು ಅಳತಿ ಐತಿ. ಅದರಾಗ ಲ್ಯೂಮೆನ್ ಅಳಿಯೋದು ಹಚ್ಚಿದ 30 ಸೆಕೆಂಡಿನಿಂದ 2 ನಿಮಿಷದ ಒಳಗ, ತಾಸು ಎಣಸೋದು ಮಾತ್ರ ಬೆಳಕು ನೂರಕ್ಕ ಹತ್ತಕ್ಕ ಇಳಿಯೋ ತನಕ. ಅಂದ್ರ 1000 ಲ್ಯೂಮೆನ್, 5 ತಾಸು ಅಂತ ಬರದಿದ್ರ ಕಾವು ಏರಿದ ಮ್ಯಾಲೆ ಅದು ತಾನೇ 300ಕ್ಕ ಇಳದು, ಕಡೀಕ 100ರಾಗ ಮಿಣುಕಿದ್ರೂ 5 ತಾಸು ಅಂತಾನೇ ಲೆಕ್ಕ. ಎಷ್ಟು ದೂರ ಹೊಡಿತೈತಿ ಅನ್ನೋದೂ ಅಷ್ಟ, ಬೀಳೋ ಬೆಳಕು 0.25 ಲಕ್ಸ್‌ಗೆ, ಅಂದ್ರ ಹುಣ್ಣಿಮಿ ಬೆಳದಿಂಗಳಷ್ಟಕ್ಕ ಇಳಿಯೋ ಜಾಗದ ತನಕ ಅಳಿತಾರ, ಅಷ್ಟರಾಗ ಹಗ್ಗ ಯಾವುದು ಹಾವು ಯಾವುದು ಗೊತ್ತಾಗಂಗಿಲ್ಲ, ಅದಕ್ಕ ನಾ ಬರದಿದ್ದ ದೂರದಾಗ ಮೂರನೇ ಒಂದು ಪಾಲು ಅಷ್ಟೇ ನಂಬತೀನಿ.

ಈಗ ಅಪ್ಪಗ ತಂದಿದ್ದು ಬರೇ 1000 ಲ್ಯೂಮೆನ್‌ದು. ತೊಗೊಳ್ಳೋ ಮುಂದ ಮೀಡಿಯಂ ಮೋಡ್‌ನಾಗ ಎಷ್ಟು ಹೊತ್ತು ಒಂದೇ ಸಮ ಉರಿತೈತಿ ಅನ್ನೋ ಗ್ರಾಫ್ ನೋಡೇ ತೊಗೊಂಡೆ. 300 ಲ್ಯೂಮೆನ್‌ದಾಗ ನಾಕು ತಾಸು ಬರತೈತಿ, ಪೂರಾ ಪಾಳಿಗೆ ಇನ್ನೊಂದು ಸೆಲ್ ಬೇಕಾ ಬೇಕು. ಅದನ್ನ ಹಂಗ ಕಿಸೇದಾಗ ಹಾಕ್ಕೊಂಡು ಹೋಗಬ್ಯಾಡ್ರಿ, ಕೀಲಿ ಚಿಲ್ಲರೆ ತಾಗಿ ಶಾರ್ಟ್ ಆಗಿ ಬೆಂಕಿ ಹತ್ತತೈತಿ. ಅಪ್ಪಗ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಮಾಡಿ ಕೊಟ್ಟೀನಿ.