ಸಿನಾಟ್ರ ಹಾಡು, ರಿಡಲ್ ಕೈಚಳಕ

ಕುಂಬಳೆ ಕಡೆ ಯಕ್ಷಗಾನ ಆಟ ನೋಡಿ ಬೆಳೆದವ್ರಿಗೆ ಗೊತ್ತುಂಟು, ಭಾಗವತರು ಎಷ್ಟೇ ಚಂದ ಹಾಡ್ಲಿ, ಮದ್ದಳೆಯವ್ರು ಅವ್ರ ಮನಸ್ಸು ತಿಳಿದವ್ರಲ್ಲದಿದ್ರೆ ಪದ ಮೇಲೆ ಏಳುದೇ ಇಲ್ಲ. ಅಮೆರಿಕದ ಹಾಡುಗಾರ ಫ್ರ್ಯಾಂಕ್ ಸಿನಾಟ್ರ, ಹಾಡಿಗೆ ಯಾವ ವಾದ್ಯ ಎಲ್ಲಿ ಹೇಗೆ ಬರ್ಬೇಕು ಅಂತ ಬರೆದು ಕೊಡುವ ಅರೇಂಜರ್ ನೆಲ್ಸನ್ ರಿಡಲ್, ಇವ್ರ ಜೋಡಿ ಕೇಳುವಾಗ ನಂಗೆ ಅದೇ ನೆನಪಾಗುದು. 1953ರ ಏಪ್ರಿಲ್‌ನಲ್ಲಿ ಕ್ಯಾಪಿಟಲ್ ರೆಕಾರ್ಡ್ ಕಂಪೆನಿಗೋಸ್ಕರ ಇವ್ರು ಮೊದಲು ಒಟ್ಟಿಗೆ ರೆಕಾರ್ಡಿಂಗ್ ಮಾಡಿದ್ದು, ಆಗ ಸಿನಾಟ್ರನ ಮಾರ್ಕೆಟ್ ಬಿದ್ದೇ ಹೋಗಿತ್ತು, ಹಳೇ ಕಂಪೆನಿ ಕೈ ಬಿಟ್ಟಿತ್ತು.

ಇಬ್ರೂ ಬೇರೆ ಬೇರೆ ಟೈಮಲ್ಲಿ ಟಾಮಿ ಡಾರ್ಸಿ ಬ್ಯಾಂಡಲ್ಲಿ ಇದ್ದವ್ರು, ರಿಡಲ್ ಅಲ್ಲಿ ಟ್ರೊಂಬೋನ್ ಅಂತ ಉದ್ದದ ಹಿತ್ತಾಳೆ ವಾದ್ಯ ಊದ್ತಿದ್ದ. ಡಾರ್ಸಿಯೂ ಟ್ರೊಂಬೋನಿನವನೇ, ಅವ ಊದುವಾಗ ಉಸಿರು ಎಲ್ಲಿ ತಗೊಳ್ತಾನೆ ಅಂತಲೇ ಗೊತ್ತಾಗ್ತಿರ್ಲಿಲ್ವಂತೆ, ಅದನ್ನ ನೋಡಿಯೇ ಸಿನಾಟ್ರ ಉದ್ದುದ್ದ ಸಾಲು ಒಂದೇ ದಮ್ಮಲ್ಲಿ ಹಾಡ್ಲಿಕ್ಕೆ ಕಲ್ತದ್ದು.

1956ರ 'ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್' ಒಮ್ಮೆ ಹೆಡ್‌ಫೋನ್ ಹಾಕಿ ಕೇಳಿ ಮಾರಾಯ್ರೆ. ಶುರುವಲ್ಲಿ ಏನೂ ಅರ್ಜೆಂಟೇ ಇಲ್ಲ, ಮಧ್ಯದಲ್ಲಿ ಸಿನಾಟ್ರ ಬಾಯಿ ಮುಚ್ಚಿದ್ದೇ ತಡ, ಬ್ಯಾಂಡ್ ಸ್ವಲ್ಪ ಸ್ವಲ್ಪವೇ ಜೋರಾಗ್ತಾ ಜೋರಾಗ್ತಾ ಹೋಗಿ ಕಡೆಗೆ ಮಿಲ್ಟ್ ಬರ್ನ್‌ಹಾರ್ಟನ ಟ್ರೊಂಬೋನ್ ಒಡೆದು ಬರ್ತದೆ, ಮೈಕ್ ಎತ್ತರದಲ್ಲಿತ್ತು ಅಂತ ಅವ ಪೆಟ್ಟಿಗೆ ಮೇಲೆ ನಿಂತು ಊದಿದ್ದಂತೆ. ಆಮೇಲೆ ಸಿನಾಟ್ರ ವಾಪಸ್ ಬರುದು ಬೇರೆಯೇ ಗತ್ತಲ್ಲಿ. ಆ ಗತ್ತು ರಿಡಲ್ ಕೊಟ್ಟದ್ದು ಅಂತ ನನ್ನ ವಾದ.

ಬಿಲ್ಲಿ ಮೇ, ಗಾರ್ಡನ್ ಜೆಂಕಿನ್ಸ್ ಅಂತ ಬೇರೆ ಅರೇಂಜರ್‌ಗಳ ಒಟ್ಟಿಗೂ ಸಿನಾಟ್ರ ಹಾಡಿದ್ದಾನೆ. ಜೆಂಕಿನ್ಸ್ ಬರೆದ ಪಿಟೀಲು ನಂಗೆ ಸ್ವಲ್ಪ ಅತಿಯಾಯ್ತು. ರಿಡಲ್‌ಗೆ ಮಾತ್ರ ಯಾವಾಗ ಸುಮ್ನಿರ್ಬೇಕು ಅಂತ ಗೊತ್ತಿತ್ತು, 1955ರ 'ಇನ್ ದ ವೀ ಸ್ಮಾಲ್ ಅವರ್ಸ್' ಆಲ್ಬಮ್ ಹಾಕಿ ನೋಡಿ, ರಾತ್ರಿ ಕೇಳಿದ್ರೆ ಇನ್ನೂ ಒಳ್ಳೇದು.